ಮಗ ಊರು ಬಿಟ್ಟ, ಹೆಸರು ಬಿಡಲಿಲ್ಲ

ದುಡಿಯುವ ಮಕ್ಕಳು ಮಿರಜ, ಇಚಲಕರಂಜಿ, ಪುಣೆ, ಬೆಂಗಳೂರು ಸೇರಿದ ಮೇಲೆ ಹಿಂದೆ ಉಳಿದ ತಾಯಿಗೆ ಸರ್ಕಾರಿ ಮನೆ ಏಕೆ ಕೈಗೆಟುಕುವುದಿಲ್ಲ? ಅನಂತಪುರದಿಂದ ನಿಪ್ಪಾಣಿವರೆಗಿನ ಗಡಿ ಸೀಮೆಯಲ್ಲಿ ಇದು ಹಣದ ಪ್ರಶ್ನೆಯಷ್ಟೇ ಅಲ್ಲ, ಕಾಗದದ ಪ್ರಶ್ನೆಯೂ ಹೌದು.

ಮನೆ ಕೇಳಲು ಬಂದ ವಯಸ್ಸಾದ ಹೆಣ್ಣುಮಗಳಿಗೆ ಗ್ರಾಮಸಭೆಯಲ್ಲಿ ಎದುರಾಗುವ ಮೊದಲ ಪ್ರಶ್ನೆ ಮನೆಯದ್ದಲ್ಲ, ಮಗನದ್ದು. ‘ನಿನ್ನ ಮಗ ಎಲ್ಲಿ ಅದಾನ?’ ಪುಣೆಯಲ್ಲಿ ಅಂದರೆ, ‘ದುಡ್ಯಾಕ ಹೋಗ್ಯಾನಲ್ಲ, ಅವನ ಕಟ್ಟಿಸಿ ಕೊಡ್ತಾನ ಬಿಡು’ ಎಂದು ಕೂತವರೇ ತೀರ್ಪು ಕೊಡುತ್ತಾರೆ. ಊರಲ್ಲೇ ಇದ್ದಾನೆ ಅಂದರೆ, ‘ಗಟ್ಟಿಮುಟ್ಟಾದ ಮಗ ಇದ್ದಾಕಿಗೆ ಮೊದಲನೇ ನಂಬರ ಯಾಕ?’ ಎನ್ನುತ್ತಾರೆ. ಎರಡು ಉತ್ತರಕ್ಕೂ ಫಲ ಒಂದೇ. ಪಟ್ಟಿಯಲ್ಲಿ ಅವಳ ಹೆಸರು ಕೆಳಗೆ ಸರಿಯುತ್ತದೆ.

ಅನಂತಪುರ ಬೆಳಗಾವಿ ಜಿಲ್ಲೆಯ ಅಥಣಿ ತಾಲ್ಲೂಕಿನ ಒಂದು ಹೋಬಳಿ. ಕೃಷ್ಣೆಯ ದಂಡೆಯ ಕಬ್ಬಿನ ಊರುಗಳ ಹಸಿರು ಇಲ್ಲಿಗೆ ಬರುವಷ್ಟರಲ್ಲಿ ತೆಳುವಾಗುತ್ತದೆ. ತಾಲ್ಲೂಕಿನ ಉತ್ತರದ ಈ ಭಾಗ ಮಳೆಯನ್ನು ನಂಬಿದ್ದು. ಖಿಳೇಗಾಂವ ಬಸವೇಶ್ವರ ಏತ ನೀರಾವರಿಯ ನೀರಿಗಾಗಿ ವರ್ಷಗಟ್ಟಲೆ ಕಾದ ಸೀಮೆ ಇದು. ಮಹಾರಾಷ್ಟ್ರದ ಗಡಿ ಹತ್ತಿರವಿರುವುದರಿಂದ ದುಡಿಮೆಯ ದಾರಿಯೂ ಆ ಕಡೆಗೇ ತಿರುಗುತ್ತದೆ. ಮಿರಜ, ಸಾಂಗಲಿಯ ಕಾರ್ಖಾನೆ, ಇಚಲಕರಂಜಿಯ ಮಗ್ಗ, ಕೊಲ್ಹಾಪುರದ ಫೌಂಡ್ರಿ, ಪುಣೆಯ ಡ್ರೈವರ್ ಕೆಲಸ. ಓದಿದವರು ಬೆಂಗಳೂರಿಗೆ ಹೋಗುತ್ತಾರೆ. ಮೊದಲು ಒಬ್ಬನೇ ಹೋಗುತ್ತಾನೆ. ಮದುವೆಯಾಗಿ ಒಂದೆರಡು ವರ್ಷದಲ್ಲಿ ಹೆಂಡತಿಯನ್ನು ಕರೆದುಕೊಂಡು ಹೋಗುತ್ತಾನೆ. ಊರಲ್ಲಿ ಉಳಿಯುವುದು ಪತ್ರಾಸಿನ ಸೂರು ಅಥವಾ ಮಳೆಗಾಲಕ್ಕೊಮ್ಮೆ ಸೋರುವ ಮೇಲ್ಮುದ್ದೆಯ ಮನೆ, ಮತ್ತು ತಾಯಿ.

ಮಗ ಊರು ಬಿಟ್ಟರೂ ಅವನ ಹೆಸರು ರೇಷನ್ ಕಾರ್ಡಿನಿಂದ, ಮನೆಯ ಉತಾರದಿಂದ, ಉದ್ಯೋಗ ಚೀಟಿಯಿಂದ ಕದಲುವುದಿಲ್ಲ. ತಾಯಿಗೆ ಮನೆ ತಪ್ಪಿಸುವುದು ಬಹಳ ಸಲ ಈ ಹೆಸರೇ.

ಪಟ್ಟಿಯ ಕಣ್ಣಿಗೆ ಕಾಣುವ ಮಗ

ಬಡವರಿಗೆ ಮನೆ ಕಟ್ಟಿಕೊಡುವುದು ಕರ್ನಾಟಕಕ್ಕೆ ಹೊಸದಲ್ಲ. ಆಶ್ರಯ ಯೋಜನೆ ಬಂದದ್ದು 1991-92ರಲ್ಲಿ. 2000ದಲ್ಲಿ ರಾಜೀವ್ ಗಾಂಧಿ ಗ್ರಾಮೀಣ ವಸತಿ ನಿಗಮ ಹುಟ್ಟಿತು. ಬಸವ ವಸತಿ, ಪರಿಶಿಷ್ಟರಿಗೆ ಡಾ. ಬಿ.ಆರ್. ಅಂಬೇಡ್ಕರ್ ನಿವಾಸ, ವಿಧವೆಯರು, ಅಂಗವಿಕಲರು, ಅಲೆಮಾರಿಗಳಂಥ ವಿಶೇಷ ವರ್ಗದವರಿಗೆ ದೇವರಾಜ ಅರಸು ವಸತಿ ಯೋಜನೆ, ಹೀಗೆ ಒಂದರ ಹಿಂದೆ ಒಂದು ಬಂದವು. ಕೇಂದ್ರದ ಇಂದಿರಾ ಆವಾಸ್ 2016ರಲ್ಲಿ ಪ್ರಧಾನಮಂತ್ರಿ ಆವಾಸ್ ಯೋಜನೆ ಗ್ರಾಮೀಣ್ ಆಯಿತು. ಹೆಸರು ಬೇರೆ ಬೇರೆಯಾದರೂ ಹಳ್ಳಿಯವರ ಬಾಯಲ್ಲಿ ಇವೆಲ್ಲಕ್ಕೂ ಇರುವುದು ಒಂದೇ ಹೆಸರು: ಪಂಚಾಯ್ತಿ ಮನಿ.

ಕೇಂದ್ರದ ಯೋಜನೆಯಲ್ಲಿ ಯಾರಿಗೆ ಮೊದಲು ಮನೆ ಎಂದು ನಿರ್ಧರಿಸಲು ಕೆಲವು ಅಳತೆಗೋಲುಗಳಿವೆ. 16ರಿಂದ 59 ವರ್ಷದೊಳಗಿನ ವಯಸ್ಕರೇ ಇಲ್ಲದ ಮನೆ, ಆ ವಯಸ್ಸಿನ ಗಂಡಸಿಲ್ಲದ, ಹೆಂಗಸೇ ಯಜಮಾನಿಯಾಗಿರುವ ಮನೆ, ಅಂಗವಿಕಲರಿದ್ದು ದುಡಿಯುವ ದೇಹವಿಲ್ಲದ ಮನೆ, 25 ದಾಟಿದ ಒಬ್ಬ ಅಕ್ಷರಸ್ಥನೂ ಇಲ್ಲದ ಮನೆ, ಭೂಮಿಯಿಲ್ಲದೆ ಕೂಲಿಯಿಂದಲೇ ಬದುಕುವ ಮನೆ, ಇವಕ್ಕೆ ಆದ್ಯತೆ. ಮಗ ಬಿಟ್ಟುಹೋದ 68ರ ವಿಧವೆ ಈ ಪಟ್ಟಿಯ ಮೊದಲೆರಡು ಸಾಲಿಗೆ ಹೇಳಿ ಮಾಡಿಸಿದವಳು. ಆದರೆ 34ರ ಮಗನ ಹೆಸರು ಅವಳ ಕುಟುಂಬದಲ್ಲಿ ಇರುವವರೆಗೆ ಆ ಎರಡೂ ಸಾಲು ಅವಳಿಗೆ ಅನ್ವಯಿಸುವುದಿಲ್ಲ. ಆತ ವರ್ಷಕ್ಕೊಮ್ಮೆ ದೀಪಾವಳಿಗೆ ಬಂದು ಹೋಗುವವನಾದರೂ ಸರಿ, ಕಾಗದದಲ್ಲಿ ಅವನು ಮನೆಯ ಗಂಡಸು.

ಕೈಬಿಡುವ ನಿಯಮಗಳೂ ಇವೆ. ಕುಟುಂಬದ ಯಾವುದೇ ಸದಸ್ಯನ ತಿಂಗಳ ಆದಾಯ 15,000 ರೂಪಾಯಿ ದಾಟಿದ್ದರೆ ಮನೆ ಇಲ್ಲ. ಈ ಮಿತಿ ಮೊದಲು 10,000 ಇತ್ತು, 2024ರಲ್ಲಿ ಏರಿತು. ಮೂರು ಅಥವಾ ನಾಲ್ಕು ಚಕ್ರದ ವಾಹನ ಇದ್ದರೆ ಇಲ್ಲ. 50,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಮಿತಿಯ ಕಿಸಾನ್ ಕ್ರೆಡಿಟ್ ಕಾರ್ಡ್ ಇದ್ದರೆ ಇಲ್ಲ. ಆದಾಯ ತೆರಿಗೆ, ವೃತ್ತಿ ತೆರಿಗೆ ಕಟ್ಟಿದರೂ ಇಲ್ಲ. ಪುಣೆಯಲ್ಲಿ 18,000 ದುಡಿದು ಅಲ್ಲಿನ ಬಾಡಿಗೆ, ಶಾಲೆ ಶುಲ್ಕ, ಗ್ಯಾಸಿಗೆ ಅದನ್ನು ಮುಗಿಸುವ ಮಗ ತಾಯಿಗೆ ತಿಂಗಳಿಗೆ 1,000 ಕಳಿಸಿದರೇ ಹೆಚ್ಚು. ಆದರೆ ನಿಯಮ ನೋಡುವುದು ಕಳಿಸಿದ 1,000ವನ್ನಲ್ಲ, ದುಡಿದ 18,000ವನ್ನು. ಕಂತಿನ ಮೇಲೆ ಟೆಂಪೋ ಕೊಂಡು ಇಚಲಕರಂಜಿಯಲ್ಲಿ ನೂಲು ಸಾಗಿಸುವ ಮಗನ ತಾಯಿಗೂ ಅದೇ ಗತಿ.

ರಾಜ್ಯದ ಬಿಪಿಎಲ್ ಕಾರ್ಡಿಗೆ ವಾರ್ಷಿಕ 1.20 ಲಕ್ಷ ರೂಪಾಯಿಯ ಆದಾಯ ಮಿತಿ. ಕಾರ್ಡಿನಲ್ಲಿರುವ ಒಬ್ಬನ ತೆರಿಗೆ ವಿವರ ಕಂಪ್ಯೂಟರಿನಲ್ಲಿ ತಾಳೆಯಾದರೆ ಇಡೀ ಕಾರ್ಡಿಗೇ ಕುತ್ತು. 2024ರ ನವೆಂಬರಿನಲ್ಲಿ ರಾಜ್ಯದ ಉದ್ದಗಲಕ್ಕೂ ಕಾರ್ಡು ರದ್ದಾದ ಗದ್ದಲ ಎದ್ದಾಗ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಕಟ್ಟುವವರನ್ನು ಬಿಟ್ಟು ಉಳಿದ ಅರ್ಹರಿಗೆ ಕಾರ್ಡು ಮರಳಿಸುವುದಾಗಿ ಸರ್ಕಾರ ಹೇಳಬೇಕಾಯಿತು. ಕಾರ್ಡು ಹೋದರೆ ಅಕ್ಕಿ ಮಾತ್ರ ಹೋಗುವುದಿಲ್ಲ. ಬಡವಳು ಎಂಬುದಕ್ಕೆ ಇರುವ ಮೊದಲ ಪುರಾವೆಯೇ ಹೋಗುತ್ತದೆ, ಮನೆಯ ಅರ್ಜಿಗೂ ಬೇಕಾದದ್ದು ಅದೇ.

ಹಾಗಾದರೆ ಕುಟುಂಬ ಎಂದರೇನು? ಜನಗಣತಿ ಇದಕ್ಕೆ ಸರಳವಾದ ಉತ್ತರ ಕೊಟ್ಟಿದೆ: ಒಂದೇ ಅಡುಗೆಮನೆಯಲ್ಲಿ ಉಣ್ಣುವವರು ಒಂದು ಕುಟುಂಬ. ನಮ್ಮ ಹಳ್ಳಿಗರದ್ದೂ ಇದೇ ಲೆಕ್ಕ. ‘ಒಲಿ ಬ್ಯಾರೆ ಆಗ್ಯಾವ’ ಅಂದರೆ ಮುಗಿಯಿತು, ಮನೆ ಎರಡಾಯಿತು ಅಂತಲೇ ಅರ್ಥ. ಪುಣೆಯಲ್ಲಿ ಉಣ್ಣುವ ಮಗ ಅನಂತಪುರದ ಒಲೆಯವನಲ್ಲ. ನಿಯಮ ಅವಳ ಪರವಾಗಿಯೇ ಇದೆ. ಅವಳ ವಿರುದ್ಧ ಇರುವುದು ತಿದ್ದದೆ ಬಿಟ್ಟ ಕಾರ್ಡು.

269 ಚದರ ಅಡಿಯ ಲೆಕ್ಕ

ಪಟ್ಟಿಯಲ್ಲಿ ಹೆಸರು ಬಂತು ಎಂದೇ ಇಟ್ಟುಕೊಳ್ಳೋಣ. ಮುಂದಿನದು ದುಡ್ಡಿನ ಮಾತು.

ಆವಾಸ್ ಯೋಜನೆಯಲ್ಲಿ ಬಯಲು ಸೀಮೆಯ ಮನೆಗೆ ಸಿಗುವುದು 1.20 ಲಕ್ಷ ರೂಪಾಯಿ, ಕೇಂದ್ರ 60, ರಾಜ್ಯ 40ರ ಪಾಲಿನಲ್ಲಿ. 2016ರಲ್ಲಿ ನಿಗದಿಯಾದ ಮೊತ್ತ ಇದು. 2024ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ಕೊಟ್ಟು ಯೋಜನೆಯನ್ನು 2028-29ರವರೆಗೆ ವಿಸ್ತರಿಸಿದಾಗಲೂ ಮೊತ್ತ ಅಷ್ಟೇ ಉಳಿಯಿತು. ಇದರ ಜೊತೆಗೆ ಶೌಚಾಲಯಕ್ಕೆ 12,000. ನರೇಗಾದಡಿ ತನ್ನ ಮನೆ ತಾನೇ ಕಟ್ಟಿಕೊಳ್ಳುವ ಕೂಲಿ 90 ದಿನ. 2025-26ರ ದರದಂತೆ ದಿನಕ್ಕೆ 370 ರೂಪಾಯಿ ಹಿಡಿದರೆ 33,300. ಎಲ್ಲ ಕೂಡಿದರೆ 1,65,300 ರೂಪಾಯಿ.

ಮನೆಯ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ 269 ಚದರ ಅಡಿ. ಚದರ ಅಡಿಗೆ 1,500 ರೂಪಾಯಿ ಎಂದು ಕೈ ಬಿಗಿಹಿಡಿದು ಹಾಕಿದರೂ 4 ಲಕ್ಷ ದಾಟುತ್ತದೆ. ಉಸುಕು, ಕಬ್ಬಿಣ, ಸಿಮೆಂಟ್, ಗೌಂಡಿಯ ಪಗಾರ ಯಾವುದೂ 2016ರ ದರದಲ್ಲಿ ನಿಂತಿಲ್ಲ. ಕೊರತೆ ಸುಮಾರು 2.38 ಲಕ್ಷ. ಪರಿಶಿಷ್ಟರಿಗೆ ಅಂಬೇಡ್ಕರ್ ನಿವಾಸದಲ್ಲಿ ಮೊತ್ತ 1.75 ಲಕ್ಷ, ಕೊರತೆ ಸ್ವಲ್ಪ ಕಡಿಮೆ. ಆದರೆ ಕೊರತೆ ಇಲ್ಲದ ಯೋಜನೆ ಒಂದೂ ಇಲ್ಲ.

ಈಗ ತಾಯಿಯ ಆದಾಯ. 65 ದಾಟಿದ್ದರೆ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2,000, ಅದೂ ಕಾರ್ಡಿನಲ್ಲಿ ಯಜಮಾನಿ ಅವಳಾಗಿದ್ದರೆ ಮಾತ್ರ. ‘ಅತ್ತೆಗೋ ಸೊಸೆಗೋ’ ಎಂಬ ವಾದ 2023ರಲ್ಲಿ ನಾಡಿಡೀ ನಡೆದಾಗ ಇದೇ ಬೆಳಗಾವಿ ಜಿಲ್ಲೆಯವರಾದ ಸಚಿವೆ ಲಕ್ಷ್ಮಿ ಹೆಬ್ಬಾಳಕರ ಅದು ಅತ್ತೆಗೆ ಎಂದಿದ್ದರು. ಎರಡೂ ಬಂದರೆ ವರ್ಷಕ್ಕೆ 38,400. ಒಂದು ಪೈಸೆ ಉಣ್ಣದೆ, ಗುಳಿಗೆ ತಗೊಳ್ಳದೆ ಕೂಡಿಟ್ಟರೂ ಆ 2.38 ಲಕ್ಷ ಸೇರಲು ಆರು ವರ್ಷಕ್ಕಿಂತ ಹೆಚ್ಚು ಬೇಕು.

ಸಾಲ? ಆವಾಸ್ ಯೋಜನೆಯಲ್ಲಿ 70,000 ರೂಪಾಯಿವರೆಗೆ ಬ್ಯಾಂಕ್ ಸಾಲಕ್ಕೆ ಅವಕಾಶವಿದೆ. 68 ವರ್ಷದ, ಪಿಂಚಣಿಯೇ ಆದಾಯವಾದ ಹೆಣ್ಣುಮಗಳಿಗೆ ಯಾವ ಮ್ಯಾನೇಜರ್ ಸಾಲ ಬರೆಯುತ್ತಾನೆ? ಉಳಿಯುವುದು ಸಂಘದ ಸಾಲ, ಮೈಕ್ರೊ ಫೈನಾನ್ಸ್ ಮತ್ತು ಕೈಗಡ. ಮೈಕ್ರೊ ಫೈನಾನ್ಸ್ ವಸೂಲಿಯ ಕಿರುಕುಳ ವಿಪರೀತವಾಗಿ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮನೆಗಾಗಿ ಅಂಥ ಸಾಲ ಮಾಡಿ, ವಾರದ ಕಂತು ಕಟ್ಟಲಾಗದೆ ಕಟ್ಟಿದ ಮನೆಗೇ ಬೀಗ ಹಾಕಿ ಮಗಳ ಊರಿಗೆ ಹೋಗುವ ಸ್ಥಿತಿ ಯಾವ ತಾಯಿಗೂ ಬೇಡ.

ಈ ಕೊರತೆಯನ್ನು ತುಂಬುವವನು ಮಗ ಎಂದು ಯೋಜನೆ ಬಾಯಿಬಿಟ್ಟು ಹೇಳುವುದಿಲ್ಲ, ಆದರೆ ಹಾಗೆಂದೇ ನಂಬಿಕೊಂಡಿದೆ. ದುಡ್ಡಿಗೆ ಮಾತ್ರವಲ್ಲ, ಮೈಗೂ. 90 ದಿನದ ಕೂಲಿ ಎಂದರೆ ಪಾಯ ತೋಡಬೇಕು, ಕಲ್ಲು ಹೊರಬೇಕು, ಗೋಡೆಗೆ ನೀರು ಉಣಿಸಬೇಕು. ಆ ಉದ್ಯೋಗ ಚೀಟಿಯಲ್ಲಿ ತಾಯಿಯ ಹೆಸರಿನ ಕೆಳಗೆ ಮಗ ಸೊಸೆಯ ಹೆಸರಿರುತ್ತದೆ, ಅವರಿಬ್ಬರೂ ಪುಣೆಯಲ್ಲಿರುತ್ತಾರೆ. ಆದಾಯ ಎಣಿಸುವಾಗ ಮನೆಯೊಳಗೆ ಇದ್ದ ಮಗ, ಕಲ್ಲು ಹೊರುವಾಗ ಇಲ್ಲ. ತಾಯಿಗೆ ಎರಡು ಕಡೆಯಿಂದಲೂ ನಷ್ಟ.

ತಳಪಾಯದ ಮುಂದೆ ಒಂದು ಫೋಟೊ

ಮನೆ ಮಂಜೂರಾದ ಮೇಲೆ ಏನಾಗುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ರಾಜ್ಯದ ಯೋಜನೆಗಳಲ್ಲಿ ಹಣ ನಾಲ್ಕು ಹಂತದಲ್ಲಿ ಬರುತ್ತದೆ: ತಳಪಾಯ, ಗೋಡೆ, ಛಾವಣಿ, ಪೂರ್ಣ. ಒಂದೊಂದು ಹಂತ ಮುಗಿದಾಗಲೂ ಪಂಚಾಯ್ತಿಯವರು ಬಂದು ಮೊಬೈಲಿನಲ್ಲಿ ಜಿಪಿಎಸ್ ಫೋಟೊ ತೆಗೆಯುತ್ತಾರೆ. ಫಲಾನುಭವಿ ಆ ಗೋಡೆಯ ಮುಂದೆ ನಿಲ್ಲಬೇಕು. ಫೋಟೊ ಮೇಲೆ ಹೋಗಿ, ಒಪ್ಪಿಗೆ ಬಿದ್ದು, ಹಣ ಅವಳ ಖಾತೆಗೆ ಇಳಿಯಬೇಕು.

ಎಂದರೆ ಮೊದಲು ಕಟ್ಟಬೇಕು, ಆಮೇಲೆ ಬಿಲ್ಲು. ತಳಪಾಯದ ಕಲ್ಲು, ಉಸುಕಿನ ಟ್ರ್ಯಾಕ್ಟರ್, ಗೌಂಡಿಯ ಮುಂಗಡ ಎಲ್ಲವೂ ಸರ್ಕಾರದ ಮೊದಲ ರೂಪಾಯಿ ಬರುವುದಕ್ಕಿಂತ ಮುಂಚಿನ ಖರ್ಚು. ಕೈಯಲ್ಲಿ 50,000 ಇಲ್ಲದವರು ತಳಪಾಯಕ್ಕೇ ಕೈ ಹಾಕುವುದಿಲ್ಲ. ವಸತಿ ಯೋಜನೆಗಳಲ್ಲಿ ಮಂಜೂರಾಗಿಯೂ ಶುರುವಾಗದ ಮನೆಗಳು, ಲಿಂಟಲ್ ಮಟ್ಟಕ್ಕೆ ನಿಂತು ಜಾಲಿ ಬೆಳೆದ ಮನೆಗಳು ಕಾಣುವುದು ಈ ಕಾರಣಕ್ಕೆ. ಹಣ ಬರುವುದು ತಡವಾದಾಗ ಗೌಂಡಿ ಬೇರೆ ಕೆಲಸ ಹಿಡಿಯುತ್ತಾನೆ, ಮಳೆ ಬರುತ್ತದೆ, ಹಸಿ ಗೋಡೆ ಕುಸಿಯುತ್ತದೆ.

ಆಧಾರ್ ಇನ್ನೊಂದು ತಾಪತ್ರಯ. ಜೀವನವಿಡೀ ಕಳೆ ಕಿತ್ತ, ಬೀಡಿ ಸುತ್ತಿದ, ಪಾತ್ರೆ ತಿಕ್ಕಿದ ಬೆರಳಿನ ಗೆರೆ ಸವೆದಿರುತ್ತದೆ. ಯಂತ್ರ ಹೆಬ್ಬೆಟ್ಟನ್ನು ಒಪ್ಪುವುದಿಲ್ಲ. ಒಟಿಪಿ ಬರುವ ಮೊಬೈಲ್ ನಂಬರ್ ಮಗನದ್ದು, ಅವನು ಪಾಳಿಯಲ್ಲಿರುತ್ತಾನೆ. ಗ್ರಾಮ ಒನ್ ಕೇಂದ್ರದ ಮುಂದೆ ಅವಳು ಕೂತಿರುತ್ತಾಳೆ, ಅಲ್ಲಿ ಮಗ ಫೋನ್ ಎತ್ತುವುದಿಲ್ಲ, ಇಲ್ಲಿ ಒಟಿಪಿಯ ಸಮಯ ಮುಗಿಯುತ್ತದೆ.

ಇದರ ಮೇಲೆ ಲಂಚದ ಮಾತು. 2025ರ ಜೂನ್‌ನಲ್ಲಿ ಆಡಳಿತ ಪಕ್ಷದ್ದೇ ಆದ ಆಳಂದ ಶಾಸಕ ಬಿ.ಆರ್. ಪಾಟೀಲರು ರಾಜೀವ್ ಗಾಂಧಿ ವಸತಿ ನಿಗಮದ ಮನೆ ಹಂಚಿಕೆಯಲ್ಲಿ ಹಣ ಕೊಟ್ಟವರಿಗೆ ಮನೆ ಸಿಗುತ್ತಿದೆ ಎಂದು ಆರೋಪಿಸಿದ್ದು ದೊಡ್ಡ ಸುದ್ದಿಯಾಯಿತು. ಆ ಆರೋಪದ ಸತ್ಯಾಸತ್ಯ ಏನೇ ಇರಲಿ, ಹಳ್ಳಿಯ ಮಂದಿ ಆಶ್ಚರ್ಯಪಡಲಿಲ್ಲ. ವಶೀಲಿಯ ಮಾತಾಡಲು, ಕಚೇರಿಯಿಂದ ಕಚೇರಿಗೆ ಅಲೆಯಲು, ದಬಾಯಿಸಿ ಕೇಳಲು ಜೊತೆಗೊಬ್ಬರು ಇಲ್ಲದ ಮುದುಕಿ ಈ ಆಟದಲ್ಲಿ ಎಲ್ಲರಿಗಿಂತ ಹಿಂದೆ.

ಹೊಳೆ ಬಂದ ವರ್ಷ

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿ ಬಂದಾಗ ಕಾಗವಾಡದ ಜುಗೂಳ, ಮಂಗಾವತಿ, ಶಹಾಪುರ, ಚಿಕ್ಕೋಡಿಯ ಯಡೂರ, ಮಾಂಜರಿ, ಕಲ್ಲೋಳ, ಅಥಣಿಯ ನದಿ ಇಂಗಳಗಾಂವ, ಸತ್ತಿಯಂಥ ಊರುಗಳು ನೀರಿನಲ್ಲಿ ನಿಂತವು. ಪೂರ್ತಿ ಬಿದ್ದ ಮನೆಗೆ ಸರ್ಕಾರ 5 ಲಕ್ಷ ರೂಪಾಯಿ ಕೊಟ್ಟಿತು, ಅದೂ ಹಂತ ಹಂತವಾಗಿ. ಸ್ವಲ್ಪ ಹಾನಿಯಾದ ಮನೆಗೆ 50,000. ಬಡವರ ಮನೆಗೆ ಸರ್ಕಾರ 1.20 ಲಕ್ಷ ಸಾಕು ಎನ್ನುತ್ತಿದ್ದ ಕಾಲದಲ್ಲೇ, ಒಂದು ಮನೆ ನಿಲ್ಲಿಸಲು 5 ಲಕ್ಷ ಬೇಕೆಂದು ಅದೇ ಸರ್ಕಾರ ಒಪ್ಪಿಕೊಂಡ ಹಾಗಾಯಿತು.

ಆ ಹೊಳೆ ಇನ್ನೊಂದನ್ನೂ ಬಯಲಿಗೆ ಹಾಕಿತು. ಎಷ್ಟೋ ಮನೆಗಳ ಉತಾರದಲ್ಲಿ ಸತ್ತ ಅಜ್ಜನದೋ ಅಪ್ಪನದೋ ಹೆಸರೇ ಇತ್ತು. ಒಳಗೆ ಎರಡು ಮೂರು ಒಲೆ, ಹೊರಗೆ ಒಂದೇ ಮನೆ ನಂಬರ್, ಪರಿಹಾರವೂ ಒಂದೇ. ವಾರಸಾ ಹಚ್ಚಿರಲಿಲ್ಲ, ವಾಟ್ನಿ ಆಗಿರಲಿಲ್ಲ. ಅಂಥ ಮನೆಗಳಲ್ಲಿ ಊರು ಬಿಟ್ಟವರ ಒಪ್ಪಿಗೆಯೂ ಬೇಕಾಗುತ್ತದೆ, ಪಾಲು ಕೇಳುವವರೂ ಏಳುತ್ತಾರೆ. ತಾಯಿ ಇದ್ದ ಮೂಲೆಗೆ ಹಣ ಬರುವಷ್ಟರಲ್ಲಿ ಅಣ್ಣತಮ್ಮಂದಿರ ಮಾತು ಕೋರ್ಟಿನ ಮೆಟ್ಟಿಲು ಹತ್ತಿರುತ್ತದೆ.

ಅನಂತಪುರದಂಥ ಒಣ ಊರಿಗೆ ಹೊಳೆ ಬರುವುದಿಲ್ಲ. ಆದರೆ ಜಾಗದ ಕಾಗದದ ಸ್ಥಿತಿ ಅಲ್ಲೂ ಅದೇ. ಮನೆ ಕಟ್ಟಲು ತನ್ನದೆಂಬ ಜಾಗ ಬೇಕು, ಅದಕ್ಕೆ ಇ-ಸ್ವತ್ತಿನ ಉತಾರ ಬೇಕು. ಜಾಗ ಸರ್ಕಾರಿ ಜಮೀನಿನಲ್ಲಿದ್ದು 2012ಕ್ಕೂ ಮುಂಚಿನಿಂದ ಅಲ್ಲಿ ವಾಸವಿದ್ದವರಿಗೆ ಭೂಕಂದಾಯ ಕಾಯ್ದೆಯ 94ಸಿ ಕಲಮಿನಡಿ ಸಕ್ರಮದ ದಾರಿ ಇದೆ. ಮಗ ಊರು ಬಿಡುವ ಮೊದಲು ಈ ಕೆಲಸ ಮುಗಿದಿದ್ದರೆ ತಾಯಿಗೆ ಅರ್ಧ ಮನೆ ಕಟ್ಟಿದ ಹಾಗೆ.

ತನ್ನ ಹೆಸರಿನ ಚೀಟಿ ಇದ್ದವರು

ಇದೇ ಸೀಮೆಯಲ್ಲಿ ಕೆಲವು ಹೆಂಗಸರಿಗೆ ಮನೆಯ ದಾರಿ ಸ್ವಲ್ಪ ನೇರವಾಗಿದೆ. ನಿಪ್ಪಾಣಿಯ ಬೀಡಿ ಕಾರ್ಮಿಕರನ್ನೇ ನೋಡಿ. ಬೀಡಿ ಸುತ್ತುವವಳಿಗೆ ಅವಳ ಹೆಸರಿನದೇ ಗುರುತಿನ ಚೀಟಿ ಇದೆ. ಕೇಂದ್ರ ಕಾರ್ಮಿಕ ಇಲಾಖೆಯ 2016ರ ಪರಿಷ್ಕೃತ ವಸತಿ ಯೋಜನೆಯಲ್ಲಿ ಬೀಡಿ ಕಾರ್ಮಿಕರಿಗೆ 1.50 ಲಕ್ಷ ರೂಪಾಯಿಯ ಸಹಾಯಧನ ಮೂರು ಕಂತಿನಲ್ಲಿತ್ತು. ಮೊದಲ ಕಂತು 25, ಎರಡನೆಯದು 60, ಕೊನೆಯದು 15 ಪ್ರತಿಶತ. ಅವಳಿಗೆ ಅರ್ಹತೆ ಬಂದದ್ದು ಅವಳ ದುಡಿಮೆಯಿಂದ. ಅಥಣಿ, ರಾಯಬಾಗದ ಮಾಜಿ ದೇವದಾಸಿ ತಾಯಂದಿರದ್ದೂ ಇಂಥದೇ ಒಂದು ಬಗೆ. ರಾಜ್ಯದ 14 ಜಿಲ್ಲೆಗಳಲ್ಲಿ 2007-08ರ ಸಮೀಕ್ಷೆ ಗುರುತಿಸಿದ ಮಾಜಿ ದೇವದಾಸಿಯರು 46,660. ಆ ಪಟ್ಟಿಯಲ್ಲಿ ಹೆಸರಿದ್ದವರಿಗೆ ಮನೆಯ ವಿಶೇಷ ಯೋಜನೆಯಲ್ಲಿ ಜಾಗವಿದೆ. ಅಲ್ಲಿ ಮೊದಲ ಪ್ರಶ್ನೆ ಗಂಡನದ್ದೂ ಅಲ್ಲ, ಮಗನದ್ದೂ ಅಲ್ಲ.

ಗಡಿಯಾಚೆ, ಕನ್ನಡಿಗರೂ ಬಹಳ ಇರುವ ಸೊಲ್ಲಾಪುರದಲ್ಲಿ ಬೀಡಿ ಕಾರ್ಮಿಕ ಹೆಂಗಸರು ಸಹಕಾರ ಸಂಘ ಕಟ್ಟಿಕೊಂಡು 10,000ಕ್ಕೂ ಹೆಚ್ಚು ಮನೆಗಳನ್ನು ಪಡೆದರು. ಗೋದೂತಾಯಿ ಪರುಳೇಕರ್ ಹೆಸರಿನ ಆ ಬಡಾವಣೆಯನ್ನು 2006ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಹಸ್ತಾಂತರಿಸಿದರು. ಅದರ ಬೆನ್ನಿಗೆ ಮಾಜಿ ಶಾಸಕ ನರಸಯ್ಯ ಆಡಂ ಮುಂದಾಳತ್ವದಲ್ಲಿ ರಾಯನಗರ ಎದ್ದಿತು. 2024ರ ಜನವರಿ 19ರಂದು ಅದರ 15,000 ಮನೆಗಳನ್ನು ಪ್ರಧಾನಿ ನರೇಂದ್ರ ಮೋದಿ ಲೋಕಾರ್ಪಣೆ ಮಾಡಿದರು. ತಮ್ಮ ಪಾಲಿನ ಹಣವನ್ನು ಕಾರ್ಮಿಕರು ಸಂಘದ ಮೂಲಕ ಕಟ್ಟಿದರು. ಒಬ್ಬಳೇ ಬ್ಯಾಂಕಿನ ಮುಂದೆ ನಿಂತಿದ್ದರೆ ಆಗದಿದ್ದದ್ದು ಸಂಘವಾಗಿ ನಿಂತಾಗ ಆಯಿತು.

ಫಲಾನುಭವಿಯ ಪಾಲೇ ದೊಡ್ಡ ಅಡ್ಡಗೋಡೆ ಎಂಬುದನ್ನು ಕರ್ನಾಟಕ ಸರ್ಕಾರವೂ ಒಮ್ಮೆ ಒಪ್ಪಿದೆ. ಕೊಳಗೇರಿ ಅಭಿವೃದ್ಧಿ ಮಂಡಳಿ ನಗರಗಳಲ್ಲಿ ಕಟ್ಟುತ್ತಿದ್ದ ಮನೆಗಳು ಬಡವರ ಪಾಲಿನ ಹಣ ಬಾರದೆ ನಿಂತಿದ್ದವು, ಬ್ಯಾಂಕುಗಳು ಸಾಲ ಕೊಡುತ್ತಿರಲಿಲ್ಲ. ಕೊನೆಗೆ ಫಲಾನುಭವಿ 1 ಲಕ್ಷ ಕಟ್ಟಿದರೆ ಸಾಕು, ಉಳಿದ ಪಾಲನ್ನು ರಾಜ್ಯವೇ ಭರಿಸುತ್ತದೆ ಎಂದು ತೀರ್ಮಾನವಾಯಿತು. 2024ರ ಮಾರ್ಚ್‌ನಲ್ಲಿ 36,789 ಮನೆಗಳನ್ನು ಹಂಚಲಾಯಿತು. ಪಟ್ಟಣದ ಬಡವರಿಗೆ ತೋರಿದ ಈ ಔದಾರ್ಯ ಹಳ್ಳಿಯ ಒಂಟಿ ತಾಯಿಗೆ ಏಕಿಲ್ಲ ಎಂದು ಕೇಳುವ ಹಕ್ಕು ಅನಂತಪುರಕ್ಕಿದೆ.

ಹೊರದೇಶಗಳ ನೋಟವೂ ಒಂದು ಪಾಠ. ಬ್ರಿಟನ್‌ನಲ್ಲಿ 2013ರಿಂದ ಸರ್ಕಾರಿ ಬಾಡಿಗೆ ಮನೆಯಲ್ಲಿ ಒಂದು ಕೋಣೆ ಹೆಚ್ಚಾಗಿದ್ದರೆ ದುಡಿಯುವ ವಯಸ್ಸಿನವರ ಬಾಡಿಗೆ ನೆರವಿನಲ್ಲಿ 14 ಪ್ರತಿಶತ ಕಡಿತ. ಬೆಳೆದ ಮಗ ಮನೆ ಬಿಟ್ಟರೆ ಅವನ ಖಾಲಿ ಕೋಣೆಗೆ ತಾಯಿ ದಂಡ ತೆತ್ತ ಹಾಗೆ. ಪಿಂಚಣಿ ವಯಸ್ಸಿನವರಿಗೆ ಮಾತ್ರ ವಿನಾಯಿತಿ. ಸಿಂಗಪುರ ಇದರ ತದ್ವಿರುದ್ಧ. 2015ರಲ್ಲಿ ಶುರುವಾದ ಅನುದಾನದಲ್ಲಿ, ತಂದೆತಾಯಿಯ ಮನೆಯಿಂದ 4 ಕಿಲೋಮೀಟರ್ ಒಳಗೆ ಮನೆ ಕೊಳ್ಳುವ ಮಕ್ಕಳಿಗೆ 20,000 ಸಿಂಗಪುರ ಡಾಲರ್, ಜೊತೆಗೇ ಇರುವವರಿಗೆ 30,000. ಒಂದು ದೇಶ ಮಗ ಹೋದದ್ದಕ್ಕೆ ದಂಡ ಹಾಕುತ್ತದೆ, ಇನ್ನೊಂದು ಹತ್ತಿರ ಉಳಿದದ್ದಕ್ಕೆ ಹಣ ಕೊಡುತ್ತದೆ. ನಾವು ಮಗ ಹೋದದ್ದನ್ನೇ ಗಮನಿಸುವುದಿಲ್ಲ.

ಕಾನೂನಿನಲ್ಲಿ ವಸತಿಯೂ ಸೇರಿದೆ

ತಂದೆತಾಯಿಯ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣ ಕಾಯ್ದೆ ಬಂದದ್ದು 2007ರಲ್ಲಿ. ಪೋಷಣೆ ಎಂದರೆ ಊಟ, ಬಟ್ಟೆ, ವೈದ್ಯಕೀಯ ಆರೈಕೆ ಅಷ್ಟೇ ಅಲ್ಲ, ವಸತಿಯೂ ಸೇರಿದೆ ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಹೊಣೆ ಮಗನಿಗೆ ಮಾತ್ರವಲ್ಲ, ಮಗಳಿಗೂ, ವಯಸ್ಕ ಮೊಮ್ಮಕ್ಕಳಿಗೂ ಇದೆ. ಉಪವಿಭಾಗಾಧಿಕಾರಿಯ ಅಧ್ಯಕ್ಷತೆಯ ನ್ಯಾಯಮಂಡಳಿ ತಿಂಗಳಿಗೆ 10,000 ರೂಪಾಯಿವರೆಗೆ ಪೋಷಣಾ ವೆಚ್ಚ ವಿಧಿಸಬಹುದು. ಅಥಣಿ ಕಡೆಯವರಿಗೆ ಅದು ಚಿಕ್ಕೋಡಿಯಲ್ಲಿದೆ. ಅಲ್ಲಿ ವಕೀಲರು ಬೇಕಿಲ್ಲ, ಬಿಳಿ ಹಾಳೆಯ ಅರ್ಜಿ ಸಾಕು. ಹಿರಿಯರ ಸಹಾಯವಾಣಿ 14567.

ಇದನ್ನು ಬಳಸುವ ತಾಯಂದಿರು ಕಡಿಮೆ. ಮಗನ ಮೇಲೆ ಕೇಸು ಹಾಕುವುದು ಅವಳಿಗೆ ಹಸಿವಿಗಿಂತ ದೊಡ್ಡ ಅವಮಾನ. ಪರಿಸ್ಥಿತಿ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ನಮ್ಮ ಜಿಲ್ಲೆಯೇ ಸಾಕ್ಷಿ ನುಡಿಯಿತು. 2025ರ ಮಾರ್ಚ್‌ನಲ್ಲಿ ಬೆಳಗಾವಿ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಆಸ್ಪತ್ರೆಯಲ್ಲಿ ಮಕ್ಕಳು ಬಿಟ್ಟುಹೋದ ಹಿರಿಯರ ಪ್ರಕರಣ 150ಕ್ಕೂ ಹೆಚ್ಚು ಎಂಬ ವಿಷಯ ಹೊರಬಿತ್ತು. ಅಂಥ ಮಕ್ಕಳ ಮೇಲೆ ದೂರು ಕೊಡಿ, ಅವರ ಹೆಸರಿಗಾದ ಆಸ್ತಿ ಪತ್ರ ರದ್ದಾಗಲಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಡಾ. ಶರಣಪ್ರಕಾಶ ಪಾಟೀಲರು ಸೂಚಿಸಬೇಕಾಯಿತು.

ಆಸ್ತಿ ಪತ್ರ ಅಂದಾಗ ಒಂದು ಎಚ್ಚರ. ಮನೆ ಬಂದ ಕೂಡಲೇ ‘ನಿನ್ನ ಹೆಸರಿಗೆ ಮಾಡಿಬಿಡ್ತೀನಿ’ ಎಂದು ಬಕ್ಷೀಸ್ ಪತ್ರ ಬರೆಯುವ ತಾಯಂದಿರಿದ್ದಾರೆ. ಬರೆಯಲೇಬೇಕಿದ್ದರೆ ‘ನನ್ನನ್ನು ನೋಡಿಕೊಳ್ಳುವ ಷರತ್ತಿನ ಮೇಲೆ’ ಎಂಬ ಸಾಲು ಅದರಲ್ಲಿ ಇರಲೇಬೇಕು. ಕಾಯ್ದೆಯ 23ನೇ ಕಲಮಿನಂತೆ ಪತ್ರ ರದ್ದು ಮಾಡಿಸಲು ಆಧಾರ ಆ ಸಾಲು.

ಬಸ್ಸು ಹತ್ತುವ ಮೊದಲು

ಊರು ಬಿಡುವ ಮಕ್ಕಳನ್ನು ಬೈಯುವುದು ಸುಲಭ. ಮಳೆಯಿಲ್ಲದ ಎರಡೆಕರೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಬದುಕಲಾಗುವುದಿಲ್ಲ ಎಂಬುದು ಬೈಯುವವರಿಗೂ ಗೊತ್ತು. ಹೋಗಲಿ, ದುಡಿಯಲಿ. ಆದರೆ ಹೋಗುವ ಮುನ್ನ ಮೂರು ಕೆಲಸ ಮಾಡಿ ಹೋಗಲಿ.

ಮೊದಲನೆಯದು ಕಾರ್ಡು. ಹೆಂಡತಿ ಮಕ್ಕಳೊಂದಿಗೆ ನಿಜವಾಗಿ ಬೇರೆ ಊರಲ್ಲಿ ಒಲೆ ಹೂಡಿದ ಮೇಲೆ ನಿಮ್ಮ ಹೆಸರನ್ನು ತಾಯಿಯ ರೇಷನ್ ಕಾರ್ಡಿನಿಂದ, ಉದ್ಯೋಗ ಚೀಟಿಯಿಂದ ತೆಗೆಸಿ. ತಿದ್ದುಪಡಿಯ ಅವಕಾಶ ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ, ಆದ್ದರಿಂದ ಹಬ್ಬಕ್ಕೆ ಬಂದಾಗ ಗ್ರಾಮ ಒನ್‌ನಲ್ಲಿ ವಿಚಾರಿಸಿಕೊಂಡಿರಿ. ಇದು ಸರ್ಕಾರಕ್ಕೆ ಮಾಡುವ ಮೋಸವಲ್ಲ, ಇರುವ ಸತ್ಯವನ್ನು ಕಾಗದಕ್ಕೆ ಇಳಿಸುವುದು. ಮೋಸ ಎಂದರೆ ಒಂದೇ ಒಲೆಯಲ್ಲಿ ಉಂಡು ಕಾರ್ಡು ಮಾತ್ರ ಎರಡು ಮಾಡಿಸುವುದು. ಅದರಿಂದ ನಿಜವಾದ ಒಂಟಿ ತಾಯಿಯ ಪಾಲು ಹೋಗುತ್ತದೆ.

ಎರಡನೆಯದು ಜಾಗ. ವಾರಸಾ ಹಚ್ಚಿ, ವಾಟ್ನಿ ಮಾಡಿಸಿ, ತಾಯಿ ಇರುವ ಜಾಗದ ಇ-ಸ್ವತ್ತು ಅವಳ ಹೆಸರಿಗೆ ಬರುವಂತೆ ನೋಡಿ. ನಿಮ್ಮ ಸಹಿ ಬೇಕಾದಲ್ಲಿ ಸಹಿ ಹಾಕಿಯೇ ಹೋಗಿ. ಬ್ಯಾಂಕ್ ಖಾತೆಗೆ, ಆಧಾರಿಗೆ ಅವಳದೇ ಕೈಯಲ್ಲಿರುವ ಫೋನಿನ ನಂಬರ್ ಜೋಡಿಸಿ.

ಮೂರನೆಯದು ದುಡ್ಡು. ತಿಂಗಳಿಗೆ 500, 1,000 ಕಳಿಸುವುದು ಬೇರೆ, ಮನೆಗೆ ಕೊಡುವುದು ಬೇರೆ. ತಳಪಾಯಕ್ಕೆ ಬೇಕಾದ ಮೊದಲ 50,000 ಒಟ್ಟಿಗೆ ಬೇಕು. ಅಣ್ಣತಮ್ಮ ಅಕ್ಕತಂಗಿಯರು ಕೂಡಿ ಪಾಲು ಹಾಕಿದರೆ ಇದು ಭಾರವಲ್ಲ. ಛಾವಣಿ ಹಾಕುವ ವಾರ ನಾಲ್ಕು ದಿನ ರಜೆ ಹಾಕಿ ಬಂದು ನಿಂತರೆ ಗೌಂಡಿಯ ಕೆಲಸವೂ ನೆಟ್ಟಗಾಗುತ್ತದೆ, ಸಿಮೆಂಟಿನ ಲೆಕ್ಕವೂ ನೆಟ್ಟಗಿರುತ್ತದೆ.

ಇನ್ನು ಪಂಚಾಯ್ತಿಗೆ ಮತ್ತು ಸರ್ಕಾರಕ್ಕೆ. ಸಮೀಕ್ಷೆಗೆ ಬರುವವರು ಕಾರ್ಡು ನೋಡುವ ಮೊದಲು ಒಲೆ ನೋಡಲಿ. ವಯಸ್ಸಾದವರ ಮನೆಗೆ ತಳಪಾಯದ ಹಣ ಮುಂಗಡವಾಗಿ ಬರಲಿ. 90 ದಿನದ ಕೂಲಿಯನ್ನು ಅವರ ಪರವಾಗಿ ಊರಿನ ಬೇರೆ ಚೀಟಿದಾರರು ಮಾಡಿದರೂ ಹಣ ಆ ಮನೆಗೇ ಸಲ್ಲುವ ವ್ಯವಸ್ಥೆ ಲಿಖಿತವಾಗಿ ಆಗಲಿ. 2016ರ 1.20 ಲಕ್ಷದಲ್ಲಿ ಇಂದು ಮನೆ ಆಗುವುದಿಲ್ಲ ಎಂಬುದು ಬೆಂಗಳೂರಿಗೂ ಗೊತ್ತು, ದಿಲ್ಲಿಗೂ ಗೊತ್ತು. ನಗರದ ಕೊಳಗೇರಿಗೆ ಕೊಟ್ಟ ಹಾಗೆ, ದುಡಿಯುವ ಕೈಯಿಲ್ಲದ ಹಳ್ಳಿಯ ಮನೆಗೂ ಫಲಾನುಭವಿಯ ಪಾಲನ್ನು ರಾಜ್ಯವೇ ಭರಿಸಲಿ.

ಸರ್ಕಾರ ಇದನ್ನೆಲ್ಲ ಮಾಡಲು ವರ್ಷಗಳು ಹಿಡಿಯಬಹುದು. ಮಕ್ಕಳು ಮಾಡಬೇಕಾದ ಮೊದಲ ಎರಡು ಕೆಲಸಕ್ಕೆ ಕೆಲವು ದಿನದ ರಜೆ ಮತ್ತು ಒಂದಿಷ್ಟು ಸಣ್ಣ ಶುಲ್ಕ ಬಿಟ್ಟರೆ ಬೇರೇನೂ ಬೇಕಿಲ್ಲ. ಮುಂದಿನ ಸಲ ಊರಿಗೆ ಹೋದಾಗ ತಾಯಿಯ ರೇಷನ್ ಕಾರ್ಡು ಕೈಗೆ ತೆಗೆದುಕೊಂಡು ಅದರಲ್ಲಿ ಯಾರ ಯಾರ ಹೆಸರಿದೆ ಎಂದು ಒಮ್ಮೆ ಓದಿ ನೋಡಿ.